ಗುಬ್ಬಿಗಳ ಹೊಂಡ

"ಹಿಂದ ಸರಿಬೇ. ನಿನ್ನ ನೆಳ್ಳು ಕೊಡದ ಮ್ಯಾಲ ಬಿದ್ದೈತಿ."

ಮಡಿವಾಳೆಪ್ಪ ಸಾವ್ಕಾರ ಹೊಸ ಬಂಗಲೆಯ ಕಟ್ಟೆಯ ಮೇಲೆ ಕೂತಲ್ಲಿಂದಲೇ ಗದರಿದ. ತಲೆಯ ಮೇಲೆ ಖಡಿಕಲ್ಲಿನ ಬುಟ್ಟಿ ಹೊತ್ತಿದ್ದ ದುರಗವ್ವ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ನಡು ಮಧ್ಯಾಹ್ನ, ಅವಳ ನೆರಳು ಪಾದ ಬಿಟ್ಟು ಗೇಣುದ್ದವೂ ಆಚೆ ಹೋಗಿರಲಿಲ್ಲ. ಆದರೆ ಸಾವ್ಕಾರನ ಕಣ್ಣಿಗೆ ಕೇರಿಯವರ ನೆರಳು ಯಾವ ಹೊತ್ತಿನಲ್ಲೂ ನಾಲ್ಕು ಮಾರು ಉದ್ದವೇ ಕಾಣುತ್ತಿತ್ತು.

ಅವಳು ನೀರು ಕೇಳಿದ್ದಳು, ಅಷ್ಟೇ. ಸಾವ್ಕಾರನ ಹೆಂಡತಿ ಮಹಾದೇವಕ್ಕ ಚರಿಗೆ ಹಿಡಿದು ಬಂದಳು. ದುರಗವ್ವ ಬುಟ್ಟಿ ಇಳಿಸಿ, ಕಟ್ಟೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಬೊಗಸೆ ಒಡ್ಡಿದಳು. ಮಹಾದೇವಕ್ಕ ಮೇಲೆ ನಿಂತು, ಚರಿಗೆಯನ್ನು ಎದೆಮಟ್ಟಕ್ಕೆ ಎತ್ತಿ ಸುರಿದಳು. ಅಷ್ಟು ಎತ್ತರದಿಂದ ಬಿದ್ದ ನೀರು ಮೂಗಿಗೊಂದಿಷ್ಟು, ಕುಪ್ಪಸಕ್ಕೊಂದಿಷ್ಟು ಹೋಗಿ, ಗಂಟಲಿಗೆ ಇಳಿದದ್ದು ನಾಲ್ಕು ಗುಟುಕು. ಇನ್ನೊಂದಿಷ್ಟು ಹಾಕಿರೆಂದು ಕೇಳಿದಾಗ ಮಹಾದೇವಕ್ಕ ಚರಿಗೆಯ ತಳ ತೋರಿಸಿ ಒಳಗೆ ಹೋದಳು. ಇಪ್ಪತ್ತು ಹೆಜ್ಜೆ ಆಚೆ, ತುಂಬಿದ ಹೊಂಡದ ಅಂಚಿಗೆ ಗುಬ್ಬಿಗಳು ಹೊಟ್ಟೆತುಂಬ ಕುಡಿದು ರೆಕ್ಕೆ ಕೊಡವುತ್ತಿದ್ದವು.

ಬಂಗಲೆಯ ಪಕ್ಕದ ಎರಡು ಎಕರೆ ಪುರಸಭೆಯದು. ಆ ಊರಲ್ಲಿ ಪುರಸಭೆ ಅಂದರೂ ಒಂದೇ, ಮಡಿವಾಳೆಪ್ಪ ಅಂದರೂ ಒಂದೇ. ಅಲ್ಲೊಂದು ಉದ್ಯಾನ ಏಳುತ್ತಿತ್ತು. ಧಾರವಾಡದಿಂದ ಜೀಪಿನಲ್ಲಿ ಬರುತ್ತಿದ್ದ, ಗಿಡಗಂಟಿಗಳ ಬಗ್ಗೆ ದೊಡ್ಡದಾಗಿ ಓದಿಕೊಂಡಿದ್ದ ಒಬ್ಬ ಸಾಹೇಬರು ಸಾವ್ಕಾರನ ತಲೆಯಲ್ಲಿ ಈ ಹುಳ ಬಿಟ್ಟಿದ್ದರು. ಊರೂರಿಗೆ ಸಿಮೆಂಟು ಬಂದು ಹಕ್ಕಿ, ಚಿಟ್ಟೆ, ಜೇನಿಗೆ ನೆಲೆಯಿಲ್ಲದಂತಾಗಿದೆ; ಹುಲ್ಲುಹಾಸು ಬೇಡ, ಈ ನೆಲದ ಅತ್ತಿ, ಬಸರಿ, ಬೇವು, ಹೊಂಗೆ ಹಚ್ಚಿರಿ; ಕಟ್ಟುವ ಗೋಡೆಯಲ್ಲೇ ಗುಬ್ಬಿಗೆ ಗೂಡು ಬಿಡಿರಿ ಎಂದಿದ್ದರು. ಮಾತೇನೋ ಒಳ್ಳೆಯದೇ. ಆದರೆ ಸಾವ್ಕಾರನಿಗೆ ಹಕ್ಕಿಗಳ ಮೇಲೆ ಪ್ರೀತಿ ಉಕ್ಕಿದ್ದು, ಪೇಪರಿನವರನ್ನೂ ಕರೆತರುತ್ತೇನೆ ಎಂದು ಅವರು ಅಂದ ಮೇಲೆ. ಬಂಗಲೆಯ ಮಾಳಿಗೆಯ ಕೆಳಗೆ ಸಾಲಾಗಿ ಇಪ್ಪತ್ತೊಂದು ಗೂಡು ಬಿಡಿಸಿದ. ಮಳೆ ಬಂದಾಗ ಕೂಲಿ ಹೆಂಗಸರು ಅದೇ ಗೋಡೆಯ ಮರೆಗೆ ಹೋದರೆ ಅವರ ಮೇಲೆ ನಾಯಿ ಬಿಡುತ್ತಿದ್ದ.

ಉದ್ಯಾನದ ನಡುವಿನ ಹೊಂಡ ಹಕ್ಕಿಗಳು ನೀರು ಕುಡಿಯಲೆಂದೇ ತೋಡಿಸಿದ್ದು. ಗೌಂಡಿ ಮೊದಲು ಅದಕ್ಕೆ ಬಾವಿಯಂತೆ ನೆಟ್ಟಗೆ ಅಂಚು ಕಟ್ಟಿದ. ತಿಂಗಳಾದರೂ ಒಂದು ಗುಬ್ಬಿ ಇಳಿಯಲಿಲ್ಲ. ಕಡೆಗೆ ದುರಗವ್ವನೇ ಹೇಳಿದಳು, ಗುಬ್ಬಿ ನಿಂತು ಕುಡಿಯುವ ಜೀವ, ಅಂಚನ್ನು ಮೊರದ ಹಾಗೆ ಇಳಿಜಾರು ಮಾಡು ಅಂತ. ಬೇಸಿಗೆಯಲ್ಲಿ ಹಳ್ಳದ ಉಸುಕು ಬಗೆದು, ಒಸರಿದ ನೀರನ್ನು ಬಟ್ಟಲಲ್ಲಿ ತೋಡಿ ಕೊಡ ತುಂಬುವವಳಿಗೆ ಇಷ್ಟು ಗೊತ್ತಿರದೆ ಇರುತ್ತದೆಯೇ. ಅಂಚು ಇಳಿಜಾರಾದ ಮೂರೇ ದಿನಕ್ಕೆ ಗುಬ್ಬಿ, ಬೆಳವ, ಗೊರವಂಕ ಎಲ್ಲ ಬಂದವು. ಸಾಹೇಬರು ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು. ದುರಗವ್ವನ ಹೆಸರನ್ನು ಬರೆದುಕೊಳ್ಳಲಿಲ್ಲ.

ಹೊಂಡಕ್ಕೆ ಬರುತ್ತಿದ್ದ ನೀರು ಮಾತ್ರ ಕೇರಿಯದು. ಎಂಬತ್ತನಾಲ್ಕರಲ್ಲಿ ಕೇರಿಗೊಂದು ನಳ ಮಂಜೂರಾಗಿ, ಪೈಪುಗಳು ಕೇರಿಯ ಬಾಯಿಗೆ ಬಂದು ಬಿದ್ದಿದ್ದವು. ಹೆಂಗಸರು ಅವಕ್ಕೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಎರಡು ವರ್ಷ ಅಲ್ಲೇ ಬಿಸಿಲಿಗೆ ಬಿದ್ದಿದ್ದ ಪೈಪುಗಳನ್ನು ಒಂದು ದಿನ ಅದೇ ಹೆಂಗಸರ ತಲೆಯ ಮೇಲೆ ಹೊರಿಸಿ ಉದ್ಯಾನಕ್ಕೆ ತಂದರು. ಹೊರುವಾಗ ದುರಗವ್ವನಿಗೆ ಅಳು ಬಂದಿತ್ತು. ಕೇರಿಯವರು ಈಗಲೂ ಊರ ಬಾವಿಯಿಂದ ದೂರ ಕೊಡ ಇಟ್ಟು, ಯಾರಾದರೂ ಸೇದಿ ಸುರಿದಾರೆಂದು ಕಾಯುತ್ತಾರೆ. ಹೋದ ವಾರ ಮುದುಕಿ ಫಕೀರವ್ವ ಬೆಳಗಿನಿಂದ ಹೊತ್ತೇರುವವರೆಗೆ ನಿಂತು ಖಾಲಿ ಕೊಡ ಹೊತ್ತು ಮರಳಿದ್ದಳು.

ಉದ್ಯಾನ ತೆರೆಯುವ ದಿನ ಕೇರಿಯ ಹೆಂಗಸರನ್ನು ಚಪ್ಪಾಳೆ ಹೊಡೆಯಲೆಂದು ತಂತಿಬೇಲಿಯ ಆಚೆ ನಿಲ್ಲಿಸಿದ್ದರು. ಸಾಹೇಬರು ಕಣ್ಣು ಒದ್ದೆ ಮಾಡಿಕೊಂಡು ಮಾತಾಡಿದರು. ನೀರಡಿಸಿದ ಯಾವ ಜೀವವೂ ಇಲ್ಲಿಂದ ಬರಿಗಂಟಲಲ್ಲಿ ಹೋಗಬಾರದು ಅಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮಡಿವಾಳೆಪ್ಪ.

ದುರಗವ್ವ ಗೇಟಿನ ಹತ್ತಿರ ಬಂದಳು. "ಸಾಹೇಬ್ರ, ಈ ಪೈಪು ನಮ್ಮ ಕೇರೀದ್ರಿ. ನಮ್ಗ ನಳ ಯಾವಾಗ ಬರ್ತೈತ್ರಿ?"

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಸಾವ್ಕಾರನ ಮುಖ ನೋಡಿದರು.

"ಗುಬ್ಬಿ ಬಾಯಿಲ್ಲದ ಜೀವರಿ, ಅದಕ್ಕ ನಾವ ನೋಡಬೇಕು" ಅಂದ ಮಡಿವಾಳೆಪ್ಪ. "ಈ ಹಲ್ಕಟ್ ರಂಡೇರಿಗೆ ಬಾಯಿ ಮಾರುದ್ದ ಐತಿ. ರಾಡ್ಯಾಗ ಹುಟ್ಟಿ ರಾಡ್ಯಾಗ ಸಾಯೂ ಹಂದಿಗೋಳಿಗೆ ನಳ ಯಾಕ್ರಿ?"

ಪೇಪರಿನವರು ನಕ್ಕರು. ಸಾಹೇಬರಿಗೆ ನಗು ಬರಲಿಲ್ಲ, ಆದರೂ ನಕ್ಕರು. ಆ ನಗು ದುರಗವ್ವನಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಗೇಟು ತಳ್ಳಿ ನೆಟ್ಟಗೆ ಹೊಂಡಕ್ಕೆ ನಡೆದಳು. ತಾನೇ ಹೇಳಿ ಮಾಡಿಸಿದ ಇಳಿಜಾರಿನಲ್ಲಿ ಮೊಣಕಾಲೂರಿ, ಪೈಪಿನ ಬಾಯಿಗೆ ಬೊಗಸೆ ಹಿಡಿದು ಕುಡಿದಳು. ಮೂಗಿಗೆ ಹೋಗಲಿಲ್ಲ, ಕುಪ್ಪಸ ತೊಯ್ಯಲಿಲ್ಲ. ಹೊಟ್ಟೆ ತುಂಬುವವರೆಗೆ ಕುಡಿದಳು. ಹಿಂದೆಯೇ ಫಕೀರವ್ವ ಬಂದಳು, ಅವಳ ಹಿಂದೆ ಉಳಿದವರು. ಮಡಿವಾಳೆಪ್ಪ ಬಾಯಿಗೆ ಬಂದಂತೆ ಬೈಯುತ್ತಿರುವಾಗಲೇ ಎಲ್ಲ ಜೀವಗಳನ್ನೂ ಪ್ರೀತಿಸುವ ಸಾಹೇಬರು ತಮ್ಮ ಜೀಪು ಹುಡುಕಿಕೊಂಡು ಹೋದರು.

ಮರುದಿನ ಮಠದ ಅಯ್ಯನವರು ಬಂದು ನೋಡಿದರು. ಹೊಂಡ ಬರಿದು ಮಾಡಬೇಕು, ತಳ ಉಜ್ಜಬೇಕು, ಗಂಜಳದಿಂದ ತೊಳೆಯಬೇಕು, ಆಮೇಲೆ ತಮ್ಮ ಪಾದದ ನೀರು ಚಿಮುಕಿಸಿದರೆ ಶುದ್ಧವಾಗುತ್ತದೆ ಎಂದರು. ಆದರೆ ಇಳಿಯುವವರು ಯಾರು? ತಳದಲ್ಲಿ ಪಾಚಿ, ಹಕ್ಕಿಗಳ ಹಿಕ್ಕೆ. ಅಂಥ ಹೊಲಸಿಗೆ ಊರವರು ಕೈ ಹಾಕುವುದಿಲ್ಲ. ಕೇರಿಗೇ ಆಳು ಬಂದ. ಮುಟ್ಟಿ ಕೆಡಿಸಿದವರೇ ಬಂದು ಮಡಿ ಮಾಡಬೇಕು, ಇಲ್ಲವಾದರೆ ನಾಳೆಯಿಂದ ಕೇರಿಗೆ ಕೂಲಿಯಿಲ್ಲ, ಬಾವಿಯಲ್ಲಿ ನೀರು ಸುರಿಯುವವರೂ ಇಲ್ಲ.

ದುರಗವ್ವನ ಗಂಡ ಹೊಳಬಸಪ್ಪ ಕೈಮುಗಿದ. "ಹೋಗಿ ತೊಳದ ಬಾ. ಬಾಳೇವು ಮಾಡೂದೈತಿ ಈ ಊರಾಗ."

"ಹೊಂಡ ಬರಿದ ಮಾಡಂದಾರ, ಹೌದಿಲ್ಲೋ? ಮಾಡೂಣು ನಡೀರಿ" ಅಂದಳು ದುರಗವ್ವ. ಹನ್ನೊಂದು ಹೆಂಗಸರು ಹೊರಟರು, ಮನೆಯಲ್ಲಿದ್ದ ಕೊಡಗಳನ್ನೆಲ್ಲ ಹೊತ್ತುಕೊಂಡು.

ಅಯ್ಯನವರು ಕುರ್ಚಿಯಲ್ಲಿ, ಮಡಿವಾಳೆಪ್ಪ ಕೋಲು ಹಿಡಿದು ಕಟ್ಟೆಯ ಮೇಲೆ. ದುರಗವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. ಪಾಚಿಗೆ ಕೈ ಹಾಕಲಿಲ್ಲ. ಪೈಪಿನ ಬಾಯಿಯಲ್ಲಿದ್ದ ನಳದ ತೋಟಿಯನ್ನು ಪೂರ್ತಿ ತಿರುವಿ, ಫಕೀರವ್ವನ ಕೊಡವನ್ನು ಅದರ ಬಾಯಿಗೆ ಒಡ್ಡಿದಳು. ತುಂಬಿದ ಕೊಡ ಮುದುಕಿಯ ನಡುವಿಗೇರಿ ಕೇರಿಯ ಕಡೆ ಹೊರಟಿತು. ಎರಡನೆಯ ಕೊಡ ಬಂತು.

"ಏನ್ ಮಾಡಾಕತ್ತೀಬೇ? ಬಂದ ಮಾಡು ನಳಾ."

"ಬರಿದ ಮಾಡಾಕತ್ತೀವ್ರಿ. ಒಮ್ಮೆಲೇ ಆಗೂದಿಲ್ಲ, ಹೊತ್ತು ಹಿಡಿತೈತಿ."

ಮಡಿವಾಳೆಪ್ಪ ಆಳುಗಳಿಗೆ ಕೂಗಿದ. ಅವರು ಹೊಂಡದ ಅಂಚಿನವರೆಗೆ ಓಡಿಬಂದು ಅಲ್ಲೇ ನಿಂತರು. ತೋಟಿಯ ಮುಂದೆ ದುರಗವ್ವ, ಅವಳ ಸುತ್ತ ಹೆಂಗಸರು; ತೋಟಿ ಮುಚ್ಚಬೇಕಾದರೆ ಅವರನ್ನು ಮುಟ್ಟಬೇಕು. ಅಯ್ಯನವರು ಕಾಲು ಮೇಲೆ ಎತ್ತಿಕೊಂಡರು. ಇಷ್ಟು ದಿನ ತನ್ನನ್ನು ದೂರ ಇಟ್ಟಿದ್ದ ಆ ಹೇಸಿಗೆಯೇ ಈಗ ಬೇಲಿಯಾಗಿ ನಿಂತದ್ದು ನೋಡಿ ದುರಗವ್ವನಿಗೆ ನಗು ಬಂತು. ತಡೆಯಲಿಲ್ಲ, ನಕ್ಕಳು.

ಆಗ ಮಡಿವಾಳೆಪ್ಪ ಕಲ್ಲು ಎತ್ತಿಕೊಂಡ. ಮೊದಲನೆಯದು ಒಂದು ಕೊಡ ಒಡೆಯಿತು. ಎರಡನೆಯದು ದುರಗವ್ವನ ಹಣೆಗೆ ಬಡಿಯಿತು. ಗುಬ್ಬಿಗಳೆಲ್ಲ ಒಮ್ಮೆಗೇ ಎದ್ದು ಹಾರಿದವು. ಅವಳು ತೋಟಿ ಬಿಡಲಿಲ್ಲ. ರಕ್ತ ಕೊಡದೊಳಗೆ ಬೀಳದಂತೆ ಮುಖವನ್ನು ಆಚೆ ತಿರುಗಿಸಿ, ಪಕ್ಕದಲ್ಲಿ ನಿಂತಿದ್ದ ಲಕ್ಷ್ಮವ್ವನ ಕೊಡ ಕಂಠದವರೆಗೆ ತುಂಬುವುದನ್ನು ಕಾದಳು. ತುಂಬಿದ ಮೇಲೆ ಮುಂದಿನ ಕೊಡ ತಾ ಅಂದಳು.