ಟ್ಯಾಂಕಿನ ತುಂಬ ಅವರೆಕಾಳು

ಐದನೇ ಸೇರು ಒಣ ಅವರೆಕಾಳು ಬೈಕಿನ ಪೆಟ್ರೋಲ್ ಟ್ಯಾಂಕಿನ ಹೊಟ್ಟೆಗೆ ಇಳಿಯುವ ಹೊತ್ತಿಗೆ, ತಾನು ಮಾಡುತ್ತಿರುವುದು ಶುದ್ಧ ಹುಚ್ಚುತನ ಎಂದು ಸಂಘಮಿತ್ರಾಳಿಗೆ ಅನ್ನಿಸಿಬಿಟ್ಟಿತು.

"ಅಜ್ಜಿ, ಟ್ಯಾಂಕು ಒಡೆದೋದ್ರೆ?"

"ಸುಮ್ಕೆ ಸುರಿಯವ್ವ. ತಾಮ್ರದ ಬಿಂದ್ಗೆ ನೆಗ್ಗಿದ್ರೆ ನಮ್ಮವ್ವ ಇಂಗೇ ಎಬ್ಬಿಸ್ತಿದ್ಲು. ನೆಂದ ಕಾಳು ಊದ್ಕತದೆ, ಒಳಗಿಂದ ನೂಕ್ತದೆ. ಅಷ್ಟೇಯ," ಎಂದಳು ಮುದ್ದಮ್ಮ.

ಬಿಂದಿಗೆಗೂ ಬೈಕಿಗೂ ಎತ್ತಣ ಸಂಬಂಧ! ಆದರೆ ಬೇರೆ ದಾರಿ ಇರಲಿಲ್ಲ. ಅಪ್ಪ ನಾಗೇಶ್ ಸಂಜೆ ಆರರ ಬಸ್ಸಿಗೆ ಹಾಸನದಿಂದ ಬರುವವನಿದ್ದ. ಅವನು ಗಾರೆ ಮೇಸ್ತ್ರಿ. ಒಂದು ವಾರದ ಕೆಲಸಕ್ಕೆ ಹೊರಡುವಾಗ, ಹನ್ನೆರಡು ವರ್ಷದಿಂದ ಹಳದಿ ಬಟ್ಟೆಯಲ್ಲಿ ದಿನಾ ಒರೆಸಿ ಸಾಕಿದ ಕೆಂಪು ಬೈಕಿನ ಕೀಲಿಕೈಯನ್ನು ಮೊದಲ ಬಾರಿಗೆ ಮಗಳ ಕೈಗಿಟ್ಟಿದ್ದ.

"ಒಂದ್ವಾರ ಓಡ್ಸು. ನಾ ಬರೋ ವೊತ್ಗೆ ಒಂದ್ ಗೀಟೂ ಬಿದ್ದಿರ್ಬಾರ್ದು. ಬಿದ್ದಿದ್ರೆ ಮತ್ತೆ ಗಾಡಿ ಮುಟ್ಟಂಗಿಲ್ಲ ಕಣವ್ವ."

ಅಪ್ಪ ಬಂದ ಮರುದಿನವೇ ಬೆಳಿಗ್ಗೆ ಎಂಟಕ್ಕೆ ಅವಳು ರುದ್ರಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕು. ಇವರ ಊರಿನಿಂದ ಮೊದಲ ಬಸ್ಸು ಅಲ್ಲಿಗೆ ಮುಟ್ಟುವುದೇ ಒಂಬತ್ತೂವರೆಗೆ. ಗಾಡಿ ಇಲ್ಲವೆಂದರೆ ಕೆಲಸವೂ ಇಲ್ಲ.

ಆರು ದಿನ ಗಾಡಿಯನ್ನು ಹೂವಿನಂತೆ ನೋಡಿಕೊಂಡವಳು ಏಳನೆಯ ದಿನ, ಅಂದರೆ ನಿನ್ನೆ, ಎಡವಿದಳು. ಶುಂಠಿ ಕೀಳುತ್ತಿದ್ದ ಅಜ್ಜಿಗೆ ಬುತ್ತಿ ಕೊಡಲು ಹೋಗಿ, ಆಗತಾನೇ ಕಿತ್ತು ಸಡಿಲವಾದ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದಳು. ಶುಂಠಿ ಹೊಲದಲ್ಲಿ ಸ್ಟ್ಯಾಂಡಿನ ಅಡಿಗೊಂದು ಚಪ್ಪಟೆ ಕಲ್ಲಿಡಬೇಕೆಂದು ಅರಕಲಗೂಡು ಸೀಮೆಯ ಕೂಸಿಗೂ ಗೊತ್ತು. ಅವಳಿಗೂ ಗೊತ್ತಿತ್ತು, ಮರೆತಳು. ಬುತ್ತಿ ಬಿಚ್ಚುವಷ್ಟರಲ್ಲಿ ಸ್ಟ್ಯಾಂಡು ಕುಸಿದು ಗಾಡಿ ನೀರಿನ ಪೈಪಿನ ಮೇಲೆ ಒರಗಿತು. ಪ್ಲಾಸ್ಟಿಕ್ ಪೈಪಾದ್ದರಿಂದ ಬಣ್ಣ ಏಳಲಿಲ್ಲ, ಪುಣ್ಯ. ಟ್ಯಾಂಕಿನಲ್ಲಿ ಮಾತ್ರ ಅಂಗೈಯಗಲದ ನೆಗ್ಗು.

ಇವತ್ತು ಬೆಳಿಗ್ಗೆಯೇ ಟ್ಯಾಂಕು ಬಿಚ್ಚಿ, ಪೆಟ್ರೋಲು ಕ್ಯಾನಿಗೆ ಬಗ್ಗಿಸಿ, ಸೋಪಿನ ನೀರಿನಲ್ಲಿ ಮೂರು ಸಲ ತೊಳೆದಿದ್ದಾಗಿತ್ತು. ಈಗ ಕಾಳು ಕಂಠಮಟ್ಟ ತುಂಬಿ, ಬೆಚ್ಚನೆಯ ನೀರು ಹೊಯ್ದು, ಬಾಯಿಗೆ ಮರದ ಬಿರಡೆ ಜಡಿದು ಹಗ್ಗ ಬಿಗಿದರು.

ಹನ್ನೆರಡು ಹೊಡೆಯಿತು. ಏನೂ ಆಗಲಿಲ್ಲ. ಎರಡಾಯಿತು. ಸಂಘಮಿತ್ರಾ ಎದ್ದು ಹೋಗುವುದು, ನೆಗ್ಗು ಮುಟ್ಟುವುದು, ಬಂದು ಕೂರುವುದು.

"ಅದೇನ್ ಹೆರಿಗೆ ವಾರ್ಡಾ, ಗಳ್ಗೆಗೊಂದ್ಸಲ ನೋಡಕೆ?" ಎಂದು ಅಜ್ಜಿ ಛೇಡಿಸಿದಳು.

ಮೂರರ ಹೊತ್ತಿಗೆ ಟ್ಯಾಂಕು ಕಿರುಗುಟ್ಟತೊಡಗಿತು. ಹಗ್ಗ ಬಿಗಿದು ತಂತಿಯಾಯಿತು.

ಟಣ್!

ಕೋಳಿಗಳು ದಿಕ್ಕಾಪಾಲಾದವು. ಅವಳು ಓಡಿಹೋಗಿ ಮೊದಲು ಬಿರಡೆ ಕಿತ್ತಳು. ಇನ್ನೂ ಬಿಟ್ಟಿದ್ದರೆ ಟ್ಯಾಂಕಿನ ಬೆಸುಗೆಯೇ ಬಿಚ್ಚುತ್ತಿತ್ತು. ಆಮೇಲೆ ನೋಡಿದರೆ ನೆಗ್ಗಿದ್ದ ಜಾಗ ನುಣ್ಣಗೆ, ದುಂಡಗೆ ಹೊಳೆಯುತ್ತಿದೆ!

"ಎದ್ಬುಡ್ತು ಅಜ್ಜೀ! ಎದ್ಬುಡ್ತು!" ಅವಳು ಕಿರುಚಿದ್ದು ಇಡೀ ಬೀದಿಗೆ ಕೇಳಿಸಿತು. ಮುದ್ದಮ್ಮ ಎಪ್ಪತ್ತರ ವಯಸ್ಸು ಮರೆತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದಲ್ಲೇ ನಾಲ್ಕು ಹೆಜ್ಜೆ ಕುಣಿದಳು.

ಊದಿಕೊಂಡ ಕಾಳುಗಳನ್ನು ಸೌಟಿನ ಹಿಡಿಯಿಂದ ಕೆದಕಿ ತೆಗೆಯುವಷ್ಟರಲ್ಲಿ ಬೆರಳೆಲ್ಲ ತರಚಿತು. ಟ್ಯಾಂಕು ಒಣಗಿಸಿ, ಕೂರಿಸಿ, ಕೊನೆಯ ಬೋಲ್ಟು ತಿರುಗಿಸಿದಾಗ ಆರಕ್ಕೆ ಐದೇ ನಿಮಿಷವಿತ್ತು.

ನಾಗೇಶ್ ಚೀಲ ಕೆಳಗಿಡುವ ಮೊದಲೇ ಗಾಡಿಗೆ ಒಂದು ಸುತ್ತು ಹಾಕಿದ. ಟ್ಯಾಂಕಿನ ಮೇಲೆ ಅಂಗೈ ಆಡಿಸಿದ. ಅವನ ಮುಖ ಅರಳಿತು.

"ಭೇಷ್! ಒಂದ್ ಗೀಟೂ ಇಲ್ಲ. ಮಡಿಕೊ, ಇನ್ಮೇಲೆ ಕೀಲಿಕೈ ನಿಂತಾವ್ಲೇ ಇರ್ಲಿ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಜ್ಜಿಯೂ ಕಣ್ಣಲ್ಲೇ ಸನ್ನೆ ಮಾಡಿದಳು. ಆದರೆ ಅಷ್ಟು ದೊಡ್ಡ ಗೆಲುವನ್ನು ಬಚ್ಚಿಡಲು ಸಂಘಮಿತ್ರಾಳಿಗೆ ಮನಸ್ಸು ಬರಲಿಲ್ಲ.

"ಅಪ್ಪ, ಗಾಡಿ ಬಿದ್ದಿತ್ತು. ಶುಂಠಿ ಹೊಲದಲ್ಲಿ ಸ್ಟ್ಯಾಂಡಿಗೆ ಕಲ್ಲು ಇಡ್ಲಿಲ್ಲ. ಟ್ಯಾಂಕು ನೆಗ್ಗೋಗಿತ್ತು. ಅವರೆಕಾಳು ತುಂಬಿ ನಾನೇ ಎಬ್ಬಿಸ್ದೆ."

ನಾಗೇಶ್ ಮಗಳ ತರಚಿದ ಬೆರಳುಗಳನ್ನು ನೋಡಿದ. ಮೂಲೆಯಲ್ಲಿ, ಕೋಳಿಗಳೂ ಮೂಸಿ ಬಿಟ್ಟುಹೋದ ಕಾಳಿನ ರಾಶಿಯನ್ನು ನೋಡಿದ.

"ಎಲ್ಲಿ ನೆಗ್ಗಿತ್ತು? ತೋರ್ಸು."

ಅವಳು ಬಗ್ಗಿ ಬೆರಳಾಡಿಸಿದಳು. ಇಲ್ಲಿ ಅಂದಳು, ಅಲ್ಲ ಇಲ್ಲಿ ಅಂದಳು. ಸಿಗಲೇ ಇಲ್ಲ. ಮುದ್ದಮ್ಮ ಕಿಸಕ್ಕನೆ ನಕ್ಕಳು. ನಾಗೇಶ್ ಗಾಡಿಯಲ್ಲಿದ್ದ ಕೀಲಿಕೈಯನ್ನು ಕಿತ್ತು ಜೇಬಿಗಿಳಿಸಿ ಕಾಲು ತೊಳೆಯಲು ಹೋದ.

ಬೆಳಿಗ್ಗೆ ಅವಳು ಅಳುಕುತ್ತಲೇ ಬಿಳಿ ಸಮವಸ್ತ್ರ ತೊಟ್ಟು ಹೊರಗೆ ಬಂದಳು. ಬಾಗಿಲಿಗೆ ನೇರವಾಗಿ ಬೈಕು ನಿಂತಿತ್ತು, ಕೀಲಿಕೈ ಅದರಲ್ಲೇ ತೂಗುತ್ತಿತ್ತು. ಊಟದ ಡಬ್ಬಿ ಇಡಲು ಗಾಡಿಯ ಪಕ್ಕದ ಪೆಟ್ಟಿಗೆ ತೆರೆದಳು. ಒಳಗೆ, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಅಂಗೈಯಗಲದ ಒಂದು ಚಪ್ಪಟೆ ಕಲ್ಲಿತ್ತು.