ಕಂಠಪೂರ್ತಿ

ಔರಾದಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ಕಾರು ಈ ಸಲವೂ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹೊಸದು, ಪ್ಲಗ್ಗು ಹೊಸದು, ಹಾಡು ಮಾತ್ರ ಹಳೆಯದು. ಅತ್ತ ನಾಂದೇಡದಲ್ಲಿ ತಂಗಿಯ ಮದುವೆ, ಇತ್ತ ನಾನು ರೇಷ್ಮೆ ಸೀರೆಯಲ್ಲಿ ಬೆವರುತ್ತ ಸ್ಟೇರಿಂಗ್ ಹಿಡಿದು ಕೂತಿದ್ದೆ.

ಮೆಕ್ಯಾನಿಕ್ ಕಾಶೀರಾಮ ಬಂದು ಮೂಸಿ ನೋಡಿದ. "ಬಂಕಿನ ಪೈಪ್ ಟಕ್ ಅಂದು ತಾನಾಗೇ ಬಂದ್ ಆದ ಮ್ಯಾಲೂ ಪೆಟ್ರೋಲ್ ಹಾಕಸ್ತೀರೇನ್ರಿ?"

"ಮತ್ತ? ಗಾಡಿ ಅಳ್ಳಾಡಿಸಿ ಕಂಠಪೂರ್ತಿ ತುಂಬಸ್ತೇನ್ರಿ. ಬಾರ್ಡರ್ ದಾಟಿದ್ರ ತುಟ್ಟಿ ಅದರಿ," ಎಂದರು ನನ್ನ ಗಂಡ ಆಲ್ವಿನ, ಹೆಮ್ಮೆಯಿಂದ.

"ಹೆಚ್ಚಾದದ್ದು ಆವಿ ಹೋಗೋ ಪೈಪಿನಾಗ ಹೊಕ್ಕು ಎಂಜಿನ್‌ಗೆ ನುಗ್ತದರಿ. ಅಕ್ಕಾರ, ಎಕ್ಸಲೇಟರ್ ಪೂರಾ ತುಳದು ಚಾವಿ ತಿರುವ್ರಿ."

ತಿರುವಿದೆ. ಕಾರು ಗಡಗಡ ನಡುಗಿ ಶುರುವಾಯಿತು.

ಆಲ್ವಿನ ಟ್ಯಾಂಕಿನ ಬಾಯಿಗೆ ಕಣ್ಣಿಟ್ಟು ಕೂಗಿದರು: "ಗಾಡಿ ನಡುಗಿದ್ದಕ್ಕ ಪೆಟ್ರೋಲ್ ಜರಾ ಇಳದದ ನೋಡು! ಮತ್ತ ಹಾಕಸ್ಲೇನು?"

ಅವರನ್ನು ಅಲ್ಲೇ ಬಿಟ್ಟು ಗೇರ್ ಹಾಕಿದೆ.