ಒಂದಕ್ಕಾದರೂ ಹೌದು ಎಂದರೆ

ಹಳದಿ ಪೆನ್ನು ಕಾಗದದ ಮೇಲೆ ಕಿರ್ರೆಂದು ಸರಿಯಿತು, ಒಂದು ಸಾಲು, ಅದರ ಕೆಳಗೆ ಇನ್ನೊಂದು, ವರ್ನಾಳಿಗೆ ಹಲ್ಲು ಜುಮ್ಮೆಂದಿತು, ಈ ಪರ್ನೆಲ್ ಮೇಡಂ ಹಿಂದೆ ಲೆಕ್ಕದ ಟೀಚರ್ ಆಗಿದ್ದವಳಂತೆ, ಪ್ರತಿ ಮಂಗಳವಾರ ಲೈಬ್ರರಿಯ ನೆಲಮಾಳಿಗೆಯಲ್ಲಿ ಕೂತು ಊರಿನ ಮುದುಕರಿಗೆ ಪುಕ್ಕಟೆಯಾಗಿ ವಿಮೆ ಬಿಡಿಸಿ ಹೇಳುತ್ತಾಳಂತೆ, ಗೆರೆ ಎಳೆಯುವ ರೀತಿಯಲ್ಲೇ ಗೊತ್ತಾಗುತ್ತದೆ, ಕೂದಲೆಳೆಯಷ್ಟೂ ಸಾಲು ದಾಟುವುದಿಲ್ಲ — ನೋಡಿ ಮಿಸೆಸ್ ಹುದಾಕ್, ಇವೆಲ್ಲ ಜಿ ಪ್ಲಾನೇ, ಆಸ್ಪತ್ರೆ ಖರ್ಚಲ್ಲಿ ಸರ್ಕಾರದ ಮೆಡಿಕೇರ್ ಕೊಟ್ಟು ಮಿಕ್ಕಿದ್ದನ್ನ ಇವರು ತುಂಬ್ತಾರೆ, ಯಾವ ಕಂಪನಿ ಆದ್ರೂ ಕೊಡೋದು ಅದೇ, ಹೆಚ್ಚಿಲ್ಲ ಕಮ್ಮಿ ಇಲ್ಲ. ಕೊಡುವುದು ಅದೇ, ಕೇಳುವುದು ಮಾತ್ರ ಒಬ್ಬ ತಿಂಗಳಿಗೆ ನೂರ ಹದಿನೆಂಟು ಡಾಲರ್, ಒಬ್ಬ ನೂರ ಐವತ್ತು, ಮತ್ತೊಬ್ಬ ಇನ್ನೂರ ಎಂಬತ್ತೇಳು. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು ಅವಳು, ಒಂದೇ ಪಾತ್ರೆಯ ಸೂಪನ್ನು ಒಂದು ಮಗುವಿಗೆ ಒಂದು ಡಾಲರಿಗೂ ಪಕ್ಕದ ಮಗುವಿಗೆ ಎರಡೂವರೆಗೂ ಬಡಿಸಿದ್ದರೆ ಸಂಜೆಯೊಳಗೆ ಮನೆಗೆ ಕಳಿಸಿರುತ್ತಿದ್ದರು, ಇವರು ಅದನ್ನೇ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚುತ್ತಾರೆ, ಮುಖಪುಟದಲ್ಲಿ ಬೆಳ್ಳನೆ ಹಲ್ಲಿನ ಮುದುಕ ಮುದುಕಿ ದೋಣಿಯಲ್ಲಿ, ಮುದುಕ ಹುಟ್ಟು ಹಾಕುತ್ತಿದ್ದಾನೆ, ಅವನ ಕೈ ನಡುಗುವುದಿಲ್ಲ. ಎಮಿಲನ ಕೈ ನಡುಗುತ್ತದೆ, ಇಲ್ಲೇ ಪಕ್ಕದ ಕುರ್ಚಿಯಲ್ಲಿ, ಕಾಫಿಯ ಕಾಗದದ ಲೋಟ ಹಿಡಿದು, ಗಂಡ ಅನ್ನುವ ಈ ಎಪ್ಪತ್ತು ವರ್ಷದ ಪ್ರಾಣಿ ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಯಲ್ಲಿ ಕೆಂಡದಂಥ ಪಟ್ಟಿಗಳನ್ನು ಇಕ್ಕಳದಲ್ಲಿ ಹಿಡಿದು ತಿರುವುತ್ತಿದ್ದ, ಈಗ ಕಾಫಿ ಚೆಲ್ಲಿಕೊಂಡು ಯಾರೂ ನೋಡಲಿಲ್ಲವೆಂಬಂತೆ ತೊಡೆ ಒರೆಸಿಕೊಳ್ಳುತ್ತಾನೆ, ಅವಳು ನೋಡದ ಹಾಗೆ ಇರಬೇಕು, ಇದ್ದಳು. ಅಗ್ಗದ್ದೇ ಬರೀರಿ ಮೇಡಂ, ಇಬ್ಬರಿಗೂ. ಅಗ್ಗ ಅಂತ ಹಾರಬೇಡಿ, ಈ ನೂರ ಹದಿನೆಂಟರೋರು ಮೊದಲು ಸೇರಿಸ್ಕೊಂಡು ಆಮೇಲೆ ವರ್ಷ ವರ್ಷ ಏರಿಸ್ತಾರೆ, ಈ ನೂರ ಐವತ್ತರೋರು ನಿಧಾನ. ಸರಿ ಮೇಡಂ, ಹಾಗಾದ್ರೆ ಅದನ್ನೇ ಇಬ್ಬರಿಗೂ — ಅಷ್ಟರಲ್ಲಿ ಪರ್ನೆಲ್ ಪೆನ್ನಿಗೆ ಮುಚ್ಚಳ ಹಾಕಿದಳು, ಟಪ್ ಎಂದು.

ನಿಮಗೆ ಬರೀಬಹುದು. ಈ ತಿಂಗಳು ಅರವತ್ತೈದು ತುಂಬಿದೆ, ಇನ್ನು ಆರು ತಿಂಗಳು ನಿಮಗೆ ಯಾವ ಕಾಯಿಲೆ ಇದೆ ಅಂತ ಯಾರೂ ಕೇಳೋ ಹಾಗಿಲ್ಲ. ನಿಮ್ಮ ಯಜಮಾನರ ಆ ಆರು ತಿಂಗಳು ಐದು ವರ್ಷದ ಹಿಂದೇನೇ ಮುಗೀತು, ಇವರು ಈಗ ಇದನ್ನ ತುಂಬಬೇಕು. ಇದನ್ನ ಎಂದರೆ ಒಂದು ಹಾಳೆ, ಹನ್ನೊಂದು ಪ್ರಶ್ನೆ, ನಾಲ್ಕನೆಯದರಲ್ಲಿ ಪಾರ್ಕಿನ್ಸನ್ ಎಂದು ಬರೆದಿದೆ, ಕೈ ನಡುಗಿಸುವ ಆ ಕಾಯಿಲೆ, ಅವನ ಹೆಸರನ್ನೇ ಬರೆದ ಹಾಗೆ, ಮೇಲ್ಗಡೆ ದಪ್ಪಕ್ಷರದಲ್ಲಿ, ಒಂದಕ್ಕಾದರೂ ಹೌದು ಎಂದರೆ ದಯವಿಟ್ಟು ಅರ್ಜಿ ಸಲ್ಲಿಸಬೇಡಿ. ದಯವಿಟ್ಟು ಅಂತೆ. ಬಾಗಿಲು ಮುಖಕ್ಕೆ ಹಾಕಿ ಒಳಗಿನಿಂದ ದಯವಿಟ್ಟು ಅನ್ನುತ್ತಾರೆ. ಇಲ್ಲ ಅಂತ ಬರೆದ್ರೆ ಏನಾಗುತ್ತೆ ಮೇಡಂ? ಕಾರ್ಡ್ ಬರುತ್ತೆ, ಕಂತು ತಗೋತಾರೆ, ದೊಡ್ಡ ಬಿಲ್ ಬಂದ ದಿನ ಹಳೇ ಕಾಗದ ತೆಗೆದು ಎಲ್ಲ ರದ್ದು ಮಾಡ್ತಾರೆ. ಎಷ್ಟು ನಿರುದ್ವೇಗವಾಗಿ ಹೇಳಿದಳು ಪುಣ್ಯಾತ್ಗಿತ್ತಿ, ಇವಳ ಮೇಲೂ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಸಿಟ್ಟೆಲ್ಲ ಐದು ವರ್ಷದ ಹಿಂದಿನ ಆ ಶುಕ್ರವಾರಕ್ಕೆ ಓಡಿತು, ಚರ್ಚಿನ ಊಟದ ಸಭಾಂಗಣ, ಕರಿದ ಮೀನಿನ ವಾಸನೆ, ಎಮಿಲನಿಗೆ ಅರವತ್ತೈದು, ಎದುರಿಗೆ ರೇ ಸ್ಲಿವ್ಕಾ, ಕಾರ್ಖಾನೆ ಮುಚ್ಚಿದ ಮೇಲೆ ವಿಮೆ ಮಾರಲು ಹೊರಟ ರೇ, ಎಮಿಲನ ತಾಯಿಯ ಶವಪೆಟ್ಟಿಗೆಗೆ ಹೆಗಲು ಕೊಟ್ಟ ರೇ, ಸೇಬಿನ ಪೈ ಮೆಲ್ಲುತ್ತ — ಸೊನ್ನೆ ಕಣೋ ಎಮಿಲ್, ಮೆಡಿಕೇರ್ ಬದಲಿಗೆ ಕಂಪನೀನೇ ಎಲ್ಲ ನೋಡ್ಕೊಳ್ಳುತ್ತೆ, ತಿಂಗಳಿಗೆ ಸೊನ್ನೆ ಡಾಲರ್, ಕನ್ನಡಕ ಪುಕ್ಕಟೆ, ಜಿಮ್ ಪುಕ್ಕಟೆ, ಆ ಪೂರಕ ವಿಮೆ ಅಂತ ಯಾಕೋ ಸುಮ್ನೆ ದುಡ್ಡು ಸುರೀತೀಯ? ಕೇಳಿದ್ದಳು ಅವಳು, ಕೇಳಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಬಾಯಿಬಿಟ್ಟು ಕೇಳಿದ್ದಳು, ರೇ, ಸರಿಹೋಗ್ಲಿಲ್ಲ ಅಂದ್ರೆ ಆಮೇಲೆ ಬದಲಾಯಿಸ್ಬಹುದಾ? ಪ್ರತಿ ವರ್ಷ ಬದಲಾಯಿಸ್ಬಹುದು ವರ್ನಾ, ಅಕ್ಟೋಬರ್ ಬಂದ್ರೆ ಸಾಕು. ಸುಳ್ಳಲ್ಲ. ಒಂದು ಸೊನ್ನೆಯಿಂದ ಇನ್ನೊಂದು ಸೊನ್ನೆಗೆ ಬದಲಾಯಿಸಬಹುದು, ಜಿ ಕಡೆಗೆ ತಿರುಗಿದರೆ ಹನ್ನೊಂದು ಪ್ರಶ್ನೆ, ಅದನ್ನು ಅವನು ಹೇಳಲಿಲ್ಲ, ಅರ್ಧ ಹೇಳಿ ಇನ್ನರ್ಧವನ್ನು ಪೈ ಜೊತೆಗೆ ನುಂಗಿಬಿಟ್ಟ, ಪೂರ್ತಿ ಸುಳ್ಳು ಹೇಳಿದ್ದರೆ ಕೋರ್ಟಿಗಾದರೂ ಎಳೆಯಬಹುದಿತ್ತು. ಚೀಲದೊಳಗೆ ಫೋನು ಗುಂಯ್‌ಗುಟ್ಟಿತು, ತೆಗೆದರೆ ಅವನದೇ ಹೆಸರು, ದೆವ್ವವನ್ನು ನೆನೆದರೆ ಎದುರಿಗೇ ಬಂತಂತೆ.

ವರ್ನಾ, ಅರವತ್ತೈದಾಯ್ತಂತಲ್ಲ, ಹೇಳೋದೇ ಇಲ್ವಲ್ಲ ನೀನು, ಕಾಗದ ಎಲ್ಲ ರೆಡಿ ಮಾಡಿಟ್ಟಿದೀನಿ, ಎಮಿಲಂದೇ ಪ್ಲಾನು, ಸೊನ್ನೆ. ಅದೇ ಮೀನಿನ ವಾಸನೆಯ ದನಿ. ಬೈಯಬೇಕೆಂದು ಬಾಯಿ ತೆರೆದಳು, ಬೈಗುಳ ಬರಲಿಲ್ಲ, ತಾನೇ ಅಂದುಕೊಂಡಿರದ ಮಾತು ಬಂತು — ರೇ, ನಿಂದು ಯಾವ್ದು? ಏನು ಯಾವ್ದು? ನೀನು ತಗೊಂಡಿರೋದು, ನಿಂಗೂ ಮಾರ್ಗೊಟ್‌ಗೂ. ಆ ಕಡೆ ಎಲ್ಲೋ ಟಿವಿ ಓಡುತ್ತಿದೆ, ಯಾರೋ ನಗುತ್ತಿದ್ದಾರೆ. ನಮ್ಮನೆ ಕಥೆ ಬೇರೆ ವರ್ನಾ, ಮಾರ್ಗೊಟ್‌ಗೆ ಬಿಪಿ, ಆ ಸೊನ್ನೇಲಿ ಡಾಕ್ಟ್ರನ್ನ ಬದಲಾಯಿಸ್ಬೇಕು, ಅವಳು ಒಪ್ಪಲ್ಲ, ಅದಕ್ಕೇ. ಅಕ್ಷರ ಹೇಳು ರೇ. ರೇ ಟಿವಿಯ ದನಿ ತಗ್ಗಿಸಿದ. ಜಿ. ಕೂಗಲಿಲ್ಲ ಅವಳು, ಲೈಬ್ರರಿ, ಕೂಗಬಾರದು, ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು, ಒಳಗೆ ಅವನು ಇನ್ನೂ ವರ್ನಾ, ವರ್ನಾ ಅನ್ನುತ್ತಿದ್ದ, ಅನ್ನಲಿ, ಮೇಜಿಗೆ ಹೇಳಿಕೊಳ್ಳಲಿ. ಎಮಿಲ್ ಕೇಳಿಸಿಕೊಂಡಿದ್ದ, ಮುಖ ನೋಡಿದರೆ ಗೊತ್ತಾಗುತ್ತಿತ್ತು, ಹೇಳಿದ್ದು ಮಾತ್ರ, ರೇ ಕೆಟ್ಟೋನಲ್ಲ ಕಣೇ. ಅದನ್ನು ಕೇಳಿ ಎದ್ದು ಹೋಗಿಬಿಡಬೇಕು ಅನ್ನಿಸಿತು, ಬಯ್ಯಿ, ಒಂದ್ಸಲ ಬಯ್ಯಿ ಎಮಿಲ್, ಮ್ಯಾನೇಜರನ ಕಾಲರ್ ಹಿಡಿದಿದ್ದೆಯಲ್ಲ ಮುಷ್ಕರದಲ್ಲಿ, ಆ ಮುಷ್ಟಿ ಎಲ್ಲಿ. ಅವನು ಅದೇ ನಡುಗುವ ಕೈಯಿಂದ ಹಳದಿ ಗೆರೆಯ ಹಾಳೆಯನ್ನು ಅವಳ ಕಡೆ ತಳ್ಳಿದ. ನೀನು ತಗೋ. ನೀ ಬಿದ್ರೆ ನನ್ನ ಎತ್ತೋರು ಯಾರು, ನೀನು ಸರಿಯಾಗಿರ್ಬೇಕು. ನಿನ್ನ ಬಿಟ್ಟು ನಾನೊಬ್ಬಳೇ? ಹೂಂ ಕಣೇ, ಬರಿ. ಅರ್ಜಿಯಲ್ಲಿ ಬರೆದಳು, ವರ್ನಾ ಹುದಾಕ್, ಸಿಟ್ಟಿಗೆ ಕಾಗದ ಹರಿಯುವಷ್ಟು ಒತ್ತಿ, ಅವಳಿಗೆ ಜಿ, ರೇಗೆ ಜಿ, ಎಮಿಲನಿಗೆ ಸೊನ್ನೆ, ಸೊನ್ನೆ ಅಂದರೆ ಏನೆಂದು ಏಪ್ರಿಲ್‌ನಲ್ಲಿ ಗೊತ್ತಾಯಿತಲ್ಲ, ಅವನು ಹಿತ್ತಿಲ ಮೆಟ್ಟಿಲಿಂದ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ನಡಿಗೆ ಕಲಿಸುವ ಕೇಂದ್ರದಲ್ಲಿ ಮೂವತ್ತು ದಿನ ಬೇಕು ಎಂದು ಡಾಕ್ಟರು ಬರೆದರು, ಹದಿನಾಲ್ಕನೇ ದಿನ ಕಂಪನಿಯ ಪತ್ರ, ಪ್ರಗತಿ ತೃಪ್ತಿಕರ, ನಾಳೆಯಿಂದ ಹಣ ಇಲ್ಲ, ಕೆಳಗೆ ಸಹಿ ಇಲ್ಲ, ಹೆಸರಿಲ್ಲ, ಯಾರ ಕಾಲರ್ ಹಿಡಿಯುವುದು. ಆ ಕೊನೆಯ ಸಂಜೆ ಹಿಡಿದು ನಡೆಯುವ ಎರಡು ಕಂಬಿಗಳ ನಡುವೆ ನಿಂತಿದ್ದ, ಆಚೆ ತುದಿಯ ನೆಲಕ್ಕೆ ನೀಲಿ ಟೇಪು ಅಂಟಿಸಿದ್ದರು, ಅಲ್ಲಿವರೆಗೆ ಬನ್ನಿ ಮಿಸ್ಟರ್ ಹುದಾಕ್, ಬಂದ, ಬೆವರು ಗಲ್ಲದಿಂದ ತೊಟ್ಟಿಕ್ಕಿತು, ಮೂರು ಹೆಜ್ಜೆ ಉಳಿದಿತ್ತು, ನಿಂತುಬಿಟ್ಟ, ಪರವಾಗಿಲ್ಲ, ನಾಳೆ ಮುಟ್ತೀರಿ ಅಂದರು — ಆ ನಾಳೆ ಬಂದಾಗ ಇಬ್ಬರೂ ಮನೆಗೆ ಹೊರಟರು, ನಾಳೆ ಆ ಕಂಬಿಗಳ ನಡುವೆ ಬೇರೆ ಯಾರೋ, ಮಿಸೆಸ್ ಹುದಾಕ್, ತಾರೀಕು ಹಾಕಿಲ್ಲ ನೀವು, ಪರ್ನೆಲ್ ಅರ್ಜಿಯ ಮೇಲೆ ಬೆರಳಿಡುತ್ತಾಳೆ, ಹಾಕುತ್ತೇನೆ, ಇವತ್ತು ಎಷ್ಟು, ಅವನು ಟೇಪನ್ನು ನೋಡುತ್ತಾನೆ, ಅವಳನ್ನಲ್ಲ, ಟೇಪನ್ನು, ಮೂರು ಹೆಜ್ಜೆ, ಇವತ್ತು ಎಷ್ಟು, ನೀಲಿ ಟೇಪು, ಇವತ್ತು, ನೆಲದ ಮೇಲೆ ನೀಲಿ ಟೇಪು